ಏಳನೇ ತಂತಿ

"ನಿನ್ನ ಗಿಟಾರಿಗೆ ತಳಾನ ಇಲ್ಲವಾ ಪ್ರಮಿಳಾ," ಎಂದು ತಮ್ಮಣ್ಣ ಪ್ರತಿ ಕಾರ್ಯಕ್ರಮ ಮುಗಿದ ಮೇಲೂ ಹೇಳುತ್ತಿದ್ದ. ದನಿಗೆ ಆಳವಿಲ್ಲ ಎಂಬ ಆ ಮಾತನ್ನು ನಾನು ನಂಬಿದೆ. ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ಆಗ ನಾನು ಅವನ ಮುಂದೆ ರೀ ಹಚ್ಚಿಯೇ ಮಾತಾಡುತ್ತಿದ್ದೆ. ಈಗ ಹೇಳುವಾಗ ಆ ಗೌರವ ನನ್ನಿಂದ ಸಾಧ್ಯವಿಲ್ಲ.

ತಮ್ಮಣ್ಣ ಆರ್ಕೆಸ್ಟ್ರಾದ ಮಾಲೀಕ. ಬೆಳಗಾವಿಯ ರಾಮತೀರ್ಥ ನಗರದಲ್ಲಿ ಸ್ವಂತ ಮನೆ, ಗ್ಯಾರೇಜಿನ ತುಂಬ ಸ್ಪೀಕರ್ ಡಬ್ಬಿ, ಗೇಟಿನ ಮೇಲೆ ಬಣ್ಣದ ಬೋರ್ಡು. ಮದುವೆ, ಬಸುರಿಯರ ಕುಬಸ, ಸೊಸೈಟಿಯ ವಾರ್ಷಿಕೋತ್ಸವ, ಯಾವುದನ್ನೂ ಬಿಡುತ್ತಿರಲಿಲ್ಲ. ನಾನು ಹಗಲು ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಪಿನ್ನುಗಳ ಅಳತೆ ನೋಡುವ ಕೆಲಸ ಮಾಡುತ್ತಿದ್ದೆ, ಸಂಜೆ ಇವನ ಪಾರ್ಟಿಯಲ್ಲಿ ಗಿಟಾರ್. ಕುರಿ ಕಾಯ್ದವರ ಮನೆತನದ ಹುಡುಗಿ ಕರೆಂಟಿನ ಗಿಟಾರ್ ಹಿಡಿದು ನಿಲ್ಲುವುದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಪಾಂಪ್ಲೆಟ್ಟಿನಲ್ಲಿ ನನ್ನ ಫೋಟೋ ಗಾಯಕಿ ಕಾಂತಾಳ ಫೋಟೋಗಿಂತ ದೊಡ್ಡದಿತ್ತು. ಅದಕ್ಕಾಗಿ ಕಾಂತಾ ನನ್ನ ಜೊತೆ ಮಾತು ಬಿಟ್ಟಿದ್ದಳು.

ತಮ್ಮಣ್ಣ ನನ್ನ ನುಡಿಸುವ ಕೈ ನೋಡಿದ್ದು ಸೇರಿಸಿಕೊಂಡ ದಿನ ಒಂದೇ ಸಲ. ಆಮೇಲೆ ಪ್ರ್ಯಾಕ್ಟೀಸ್ ಏನಿದ್ದರೂ ಹಾಡುವವರಿಗೆ. ನನ್ನ ಕೈಗೆ ಒಂದು ಕ್ಯಾಸೆಟ್ ಕೊಟ್ಟು, "ಮನ್ಯಾಗ ಕಲಕೊಂಡ ಬಾ," ಎನ್ನುತ್ತಿದ್ದ. ಮನೆಯಲ್ಲಿ ಅಪ್ಪ ಫೌಂಡ್ರಿಯ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವನು, ಗದ್ದಲ ಮಾಡುವಂತಿರಲಿಲ್ಲ. ಮಾಡಬೇಕೆಂದರೂ ನನ್ನ ಹತ್ತಿರ ಆಂಪ್ಲಿಫಯರ್ ಇರಲಿಲ್ಲ. ಆ ಡಬ್ಬಿಗೆ ಜೋಡಿಸದಿದ್ದರೆ ಕರೆಂಟಿನ ಗಿಟಾರಿನ ದನಿ ಸೊಳ್ಳೆ ಹಾರಿದಷ್ಟೇ. ನಾನು ಗಿಟಾರಿನ ಮೈಗೆ ಕಿವಿ ಒತ್ತಿಕೊಂಡು ಕಲಿತೆ. ಕ್ಯಾಸೆಟ್ ಮಾತ್ರ ದಿನಾ ಸಣ್ಣ ದನಿಯಲ್ಲಿ ಹಾಕಿ ಹಾಕಿ ಅಡುಗೆಮನೆಯಲ್ಲಿದ್ದ ಅವ್ವನಿಗೂ ಬಾಯಿಪಾಠವಾಗಿತ್ತು.

ವೇದಿಕೆಯ ಮೇಲೆ ನನ್ನ ಗಿಟಾರಿನ ವೈರು ಸಭಾಗೃಹದ ಹಿಂಬದಿಯಲ್ಲಿದ್ದ, ಎಲ್ಲರ ದನಿ ಕೂಡಿಸುವ ಮಿಕ್ಸರಿಗೆ ಹೋಗುತ್ತಿತ್ತು. ಸ್ಪೀಕರುಗಳೆಲ್ಲ ಜನರ ಕಡೆ ಮುಖ ಮಾಡಿರುತ್ತಿದ್ದವು, ನಮಗೆ ಹಿಂದೆ ಬರುತ್ತಿದ್ದುದು ಬರೀ ಕಲಸುಮೇಲೋಗರ. ಕೀಬೋರ್ಡ್ ನುಡಿಸುವ ಸುಮಿತ ತನ್ನ ಕೀಬೋರ್ಡಿನಲ್ಲೇ ಗಿಟಾರಿನ ದನಿ ಇಟ್ಟುಕೊಂಡು ನನ್ನ ಭಾಗವನ್ನೂ ಒತ್ತುತ್ತಿದ್ದ. "ಸಪೋರ್ಟಿಗಿರಲಿ," ಎಂದು ತಮ್ಮಣ್ಣ ಹೇಳಿದ್ದ. ಸಪೋರ್ಟ್ ಬೇಡ ಎನ್ನಲು ನನಗೇನು ಕೊಬ್ಬೇ?

ಅವ್ವ, ಪದ್ಮವ್ವ, ಒಮ್ಮೆ ಕಾರ್ಯಕ್ರಮ ನೋಡಲು ಬಂದಿದ್ದಳು. ಮನೆಗೆ ಹೋಗುವಾಗ ಬಸ್ಸಿನಲ್ಲಿ, "ಪಮ್ಮೀ, ನಿನ್ನ ಮಾರಿನ ನೋಡಕೋಂತ ಕುಂತಿದ್ನಿ. ಆದರ ನಿಂದ ಯಾವ ಸಪ್ಪಳ ಅಂತ ತಿಳೀಲಿಲ್ಲ ನೋಡವಾ," ಎಂದಳು. ಇವಳಿಗೂ ಕೇಳಿಸಲಿಲ್ಲ, ಅವನೂ ತಳ ಇಲ್ಲ ಅನ್ನುತ್ತಾನೆ. ಕೊರತೆ ಗಿಟಾರಿನದೇ ಎಂದುಕೊಂಡೆ.

ಖಡೇ ಬಜಾರಿನ ವಾದ್ಯದ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋದವನು ತಮ್ಮಣ್ಣನೇ. ಅಲ್ಲಿ ಏಳು ತಂತಿಯ ಗಿಟಾರ್ ಬಂದಿತ್ತು. ಗೋವಾದ ಹೋಟೆಲಿನಲ್ಲಿ ನುಡಿಸುತ್ತಿದ್ದ ಯಾರೋ ಮಾರಿ ಹೋಗಿದ್ದರಂತೆ. ಕಪ್ಪು ಮೈ, ಅಗಲವಾದ ಕುತ್ತಿಗೆ, ಮಾಮೂಲಿ ಆರು ತಂತಿಗಳ ಮೇಲೆ ಇನ್ನೊಂದು ದಪ್ಪ ತಂತಿ. ಅಂಗಡಿಯವರು ಅದನ್ನು ನೆಲದ ಮೇಲಿದ್ದ ಹಳೆಯ ಆಂಪ್ಲಿಫಯರಿಗೆ ಜೋಡಿಸಿ ಕೊಟ್ಟರು. ಆ ಏಳನೇ ತಂತಿ ಮೀಟಿದೆ. ದನಿ ಕಿವಿಗಿಂತ ಮೊದಲು ಹೊಟ್ಟೆಗೆ ತಾಗಿತು. ಕಪಾಟಿನ ಗಾಜು ಗಲಗಲ ಎಂದಿತು.

"ನೋಡ, ಇದಕ್ಕಂತಾರ ತಳಾ," ಎಂದ ತಮ್ಮಣ್ಣ.

"ಸೋಮವಾರದ ತನಕಾ ಇಟ್ಟಿರತೇನ್ರಿ," ಎಂದರು ಅಂಗಡಿಯವರು. "ನಿಮ್ಮ ಹಳೇ ಗಿಟಾರ ತಂದ ಕೊಡ್ರಿ, ಮ್ಯಾಲೆ ಒಂದಿಷ್ಟ ರೊಕ್ಕಾ ಹಾಕ್ರಿ. ಎಲ್ಲಾ ಹೊಂದಸೂಣು."

ಅಲ್ಲಿಗೇ ನನ್ನ ನಿದ್ದೆ ಕೆಟ್ಟಿತು. ನನ್ನ ಗಿಟಾರ್ ಕೊಟ್ಟುಬಿಡಬೇಕು. ಅದರ ಅಂಚು ಒಂದು ಕಡೆ ಕಿತ್ತುಹೋಗಿದೆ, ನಿಜ. ಆದರೆ ಅದರ ಕುತ್ತಿಗೆ ನನ್ನ ಹೆಬ್ಬೆರಳಿಗೆ ಒಗ್ಗಿ ಸವೆದಿದೆ. ಆ ಏಳು ತಂತಿಯದೋ ನನ್ನ ಕೈಗೆ ದೊಡ್ಡದು. ಕಿರುಬೆರಳಿಗೆ ಮೇಲಿನ ತಂತಿ ನಿಲುಕುತ್ತಿರಲಿಲ್ಲ, ಎಲ್ಲವನ್ನೂ ಮೊದಲಿನಿಂದ ಕಲಿಯಬೇಕು. ಕಲಿತರಾಯಿತು. ಕೇಳಿಸಬೇಕಲ್ಲ! ಅಷ್ಟೂ ಜನರ ಮುಂದೆ ನಿಂತು ನುಡಿಸಿ, ಹೆತ್ತ ಅವ್ವನಿಗೂ ಕೇಳಿಸದಿದ್ದರೆ ಆ ಗಿಟಾರ್ ಇಟ್ಟುಕೊಂಡು ಏನು ಮಾಡುವುದು? ಕೊಟ್ಟೇಬಿಡೋಣ ಎಂದು ಮುಕ್ಕಾಲು ಪಾಲು ಮನಸ್ಸು ಮಾಡಿದ್ದೆ.

ಸೋಮವಾರಕ್ಕೆ ಮುಂಚಿನ ಭಾನುವಾರ ಸಂಜೆ ಖಾನಾಪುರದಲ್ಲಿ ಒಂದು ಮದುವೆಯ ರಿಸೆಪ್ಷನ್. ಹಳೆಯ ಗಿಟಾರಿನ ಕೊನೆಯ ಕಾರ್ಯಕ್ರಮ ಎಂದು ಅದನ್ನು ಚೆನ್ನಾಗಿ ಒರೆಸಿ ಒಯ್ದಿದ್ದೆ. ಅವ್ವನೂ ಜೊತೆಗೆ ಬಂದಳು. ಅವಳ ಅಕ್ಕ ಮಾಯಕ್ಕ ಹಲಸಿಯಿಂದ ಬಂದು ಆಗಲೇ ಮೊದಲ ಸಾಲಿನಲ್ಲಿ ಇಬ್ಬರಿಗೂ ಜಾಗ ಹಿಡಿದಿದ್ದಳು.

ಮೂರನೆಯ ಹಾಡೋ ನಾಲ್ಕನೆಯದೋ, ನಡುವೆ ನನ್ನ ಒಂಟಿ ಗಿಟಾರಿನ ತುಣುಕು ಇತ್ತು. ಆ ತುಣುಕು ಶುರುವಾಗಿ ಕೆಂಪು ಲೈಟು ನನ್ನ ಮೇಲೆ ಬಿತ್ತು. ಆಗಲೇ ಮದುಮಗನ ಕಾಕಾ ಒಬ್ಬರು ತಮಗೆ ಬೇಕಾದ ಹಾಡಿನ ಚೀಟಿ ಕೊಡಲು ವೇದಿಕೆ ಹತ್ತಿದರು. ಅವರ ಕಾಲಿಗೆ ಕೀಬೋರ್ಡಿನ ವೈರು ಸಿಕ್ಕಿತು, ಪಿನ್ನು ಕಿತ್ತು ಬಂತು, ಕೀಬೋರ್ಡು ಸತ್ತಿತು.

ಅದರ ಜೊತೆಗೇ ನನ್ನ ಗಿಟಾರೂ ಸತ್ತಿತು.

ತಾಳದವನು ಟಕ್ ಟಕ್ ಎಂದು ಬಡಿಯುತ್ತಲೇ ಇದ್ದ. ನನ್ನ ಬೆರಳು ಓಡುತ್ತಲೇ ಇದ್ದವು. ಕರೆಂಟು ಇತ್ತು, ಲೈಟು ಇತ್ತು, ನನ್ನ ವೈರು ಇದ್ದಲ್ಲೇ ಇತ್ತು. ದನಿ ಮಾತ್ರ ಇಲ್ಲ. ಮುಂದೆ ಕೂತ ಮಕ್ಕಳು ಕಿಸಕ್ಕನೆ ನಕ್ಕವು. ಹಿಂದಿನಿಂದ ಯಾರೋ ಮರಾಠಿಯಲ್ಲಿ, "ಅಗ, ಆವಾಜ್ ಕುಠೆ ಗೇಲಾ?" ಎಂದು ಕೂಗಿದರು, ದನಿ ಎಲ್ಲಿ ಹೋಯಿತೆಂದು. ನಗು ಸಾಲಿನಿಂದ ಸಾಲಿಗೆ ಹಬ್ಬಿತು.

ಪಕ್ಕದ ಪರದೆಯ ಮರೆಯಿಂದ ತಮ್ಮಣ್ಣ ಹಲ್ಲು ಕಚ್ಚಿ ಹೇಳಿದ: "ನಿಲ್ಲಸಬ್ಯಾಡ! ನಕ್ಕೋಂತ ಬೆರಳ ಆಡಸ!"

ಬಾರಿಸು ಎನ್ನಲಿಲ್ಲ. ಬೆರಳು ಆಡಿಸು ಎಂದ. ಆಗ ನನಗೆ ಎಲ್ಲ ತಿಳಿಯಿತು.

ಗಿಟಾರನ್ನು ವೈರಿನ ಸಮೇತ ಸ್ಟ್ಯಾಂಡಿಗೆ ಆನಿಸಿಟ್ಟು ವೇದಿಕೆಯಿಂದ ಇಳಿದೆ. ಕುರ್ಚಿಗಳ ನಡುವೆ ನಡೆಯುವಾಗ ಯಾರ ಮುಖವೂ ಕಾಣಲಿಲ್ಲ, ಸಿಟ್ಟಿಗೆ ಕಿವಿ ಗುಂಯ್ ಎನ್ನುತ್ತಿತ್ತು. ಹಿಂದೆ ಮಿಕ್ಸರಿನ ಮುಂದೆ ಪಾರ್ಟಿಯ ದನಿ ನೋಡಿಕೊಳ್ಳುವ ಲಕ್ಷ್ಮಣ ಕೂತಿದ್ದ. ದನಿ ಏರಿಸಿ ಇಳಿಸಲು ಮೇಲೆ ಕೆಳಗೆ ಜಾರುವ ಗುಂಡಿಗಳ ಸಾಲು. ಒಂದೊಂದರ ಕೆಳಗೂ ಒಂದೊಂದು ಹೆಸರು ಬರೆದಿತ್ತು. ಒಂದಕ್ಕೆ ಮಾತ್ರ ಹೆಸರಿರಲಿಲ್ಲ, ಅದು ನನ್ನದು. ಗುಂಡಿ ಪೂರ್ತಿ ತಳದಲ್ಲಿತ್ತು. ಅದು ಅಪ್ಪಿತಪ್ಪಿಯೂ ಮೇಲೆ ಸರಿಯದಿರಲೆಂದು ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದ್ದರು. ಪಟ್ಟಿ ಹಳತಾಗಿ, ಅಂಚಿಗೆ ಧೂಳು ಹತ್ತಿ ಕಪ್ಪಾಗಿತ್ತು.

"ಇದ ಯಾವಾಗಿಂದ ಐತಿ?" ಎಂದೆ.

ಲಕ್ಷ್ಮಣ ತಲೆ ಎತ್ತಲಿಲ್ಲ. "ನೀವು ಪಾರ್ಟಿಗೆ ಬಂದಾಗಿಂದ್ರಿ. ನಂದೇನೈತ್ರಿ ಇದರಾಗ? ತಮ್ಮಣ್ಣಾರ ಹೇಳಿದ್ರು, ನಾ ಹಚ್ಚಿದೆ."

ಮೂರು ವರ್ಷ! ಮೂರು ವರ್ಷ ನಾನು ಗಂಟೆಗಟ್ಟಲೆ ಗಿಟಾರಿಗೆ ಕಿವಿ ಒತ್ತಿ ಕಲಿತು, ಸೀರೆ ಪಿನ್ನು ಮಾಡಿಕೊಂಡು, ಟೆಂಪೋದಲ್ಲಿ ಸ್ಪೀಕರುಗಳ ನಡುವೆ ಕೂತು ಊರೂರು ಹೋಗಿದ್ದೆ. ಈ ಪಟ್ಟಿಯ ಕೆಳಗೆ. ಉಗುರು ಹಾಕಿ ಕಿತ್ತೆ. ಗುಂಡಿಯನ್ನು ಮೇಲಕ್ಕೆ ತಳ್ಳಿದೆ. ವೇದಿಕೆಯ ಮೇಲೆ ಒಂಟಿಯಾಗಿ ನಿಂತಿದ್ದ ನನ್ನ ಗಿಟಾರು ಜೋರಾಗಿ ಗುಂಯ್‌ಗುಟ್ಟಿತು. ಸಭೆ ಆ ಕಡೆ ತಿರುಗಿತು.

ವಾಪಸು ಹೋಗಿ ಗಿಟಾರ್ ಎತ್ತಿಕೊಂಡು ಆ ತುಣುಕನ್ನು ಮೊದಲಿನಿಂದ ನುಡಿಸಿದೆ. ಯಾರ ಸಪೋರ್ಟೂ ಇರಲಿಲ್ಲ. ನನ್ನ ದನಿ ಗೋಡೆಗೆ ಬಡಿದು ನನಗೇ ತಿರುಗಿ ಬಂತು. ಒಂದು ಕಡೆ ಏನೋ ಸರಿ ಬರಲಿಲ್ಲ, ಸಿಟ್ಟಿನ ಭರಕ್ಕೆ ಎಂದುಕೊಂಡೆ. ಆದರೂ ಮುಗಿಸಿದೆ. ಮಾಯಕ್ಕ ಎರಡೂ ಕಿವಿ ಮುಚ್ಚಿಕೊಂಡಿದ್ದಳು. ಅವ್ವ ಕುರ್ಚಿಯ ಅಂಚಿಗೆ ಬಂದು ಕತ್ತು ಚಾಚಿ ಕೂತಿದ್ದಳು. ಅಲ್ಲೊಬ್ಬರು ಇಲ್ಲೊಬ್ಬರು ಚಪ್ಪಾಳೆ ತಟ್ಟಿದರು. ಮದುಮಗಳ ತಂದೆ ಸಪ್ಪಳ ಭಾಳಾತು, ಕಡಿಮಿ ಮಾಡ್ರಿ ಎಂದು ಕೈಸನ್ನೆ ಮಾಡಿದರು. ಅವರ ಮೇಲೂ ಸಿಟ್ಟು ಬಂತು, ಆದರೆ ಸಪ್ಪಳ ನನ್ನದೆಂದು ಒಳಗೇ ಖುಷಿಯೂ ಆಯಿತು.

ಊಟದ ಮನೆಯ ಹಿಂದೆ ತಮ್ಮಣ್ಣ ನನ್ನನ್ನು ಹಿಡಿದುಕೊಂಡ.

"ಏನ ಮಾಡಿದಿ ಇದು? ಮಂದಿ ಮುಂದ ನನ್ನ ಮಾನಾ ಕಳದಿ!"

"ನಿಮ್ಮ ಮಾನಾ ಅಷ್ಟ ಏನ್ರಿ? ಮೂರ ವರ್ಷ ನನ್ನ ಗೊಂಬಿ ಮಾಡಿ ನಿಲ್ಲಿಸಿದ್ರಲ್ಲ, ನನಗ ಮಾನಾ ಇಲ್ಲೇನ್ರಿ?"

"ಹಂಗಲ್ಲವಾ, ಸಮಾಧಾನ ಮಾಡಕೋ. ಸ್ಟೇಜ್ ಮ್ಯಾಲೆ ನೀ ತಪ್ಪಿದರ ಪಾರ್ಟಿ ಹೆಸರ ಹೋಗತಿತ್ತು. ಮಂದಿ ಬರೂದು ಹುಡುಗಿ ಗಿಟಾರ ಹಿಡದದ್ದ ನೋಡಾಕ. ನೋಡತಾರ, ಹೋಗತಾರ. ನಿನಗೂ ಹೆಸರ ಬಂತಿಲ್ಲೋ?"

"ಹಂಗಾರ ಏಳ ತಂತೀದ ತಗೋ ತಗೋ ಅಂತ ಯಾಕ ಗಂಟ ಬಿದ್ರಿ? ತಳಾ ಇಲ್ಲ ಅಂದ್ರಲ್ಲ, ಯಾವ ಕಿವೀಲೆ ಕೇಳಿದ್ರಿ?"

ತಮ್ಮಣ್ಣ ಕರವಸ್ತ್ರದಿಂದ ಕತ್ತು ಒರೆಸಿಕೊಂಡ. "ನಿಂದು ಅಂಚ ಒಡದೈತಿ, ಪೋಟೋದಾಗ ಕಾಣತೈತಿ. ಅದ ಕರ್ರಗ ಮಿಂಚತೈತಿ ನೋಡ. ಸ್ಟೇಜಿಗೆ ಲಕ್ಷಣ."

ಆ ಗಿಟಾರಿನಿಂದಲೇ ಅವನ ತಲೆಗೆ ಹಾಕಬೇಕೆನಿಸಿತು. ಗಿಟಾರ್ ನನ್ನದು, ಇನ್ನೊಂದು ಅಂಚು ಒಡೆದೀತೆಂದು ಬಿಟ್ಟೆ. "ನಾಳಿಂದ ಪೋಟೋದಾಗ ನಿಮ್ಮ ಮಾರೀನ ಹಾಕ್ಕೋರಿ," ಎಂದು ಹೇಳಿ, ಅವ್ವನನ್ನು ಎಬ್ಬಿಸಿಕೊಂಡು ಊಟವನ್ನೂ ಮಾಡದೆ ಬಸ್ ಸ್ಟ್ಯಾಂಡಿಗೆ ನಡೆದೆ. ಬಸ್ಸಿನಲ್ಲಿ ನಡೆದದ್ದೆಲ್ಲ ಹೇಳಿದೆ. ಅವ್ವ, "ಆ ಪಟ್ಟಿ ಹಚ್ಚಿಸಿದಾವನ ಕೈ ಸೇದಿ ಹೋಗಲಿ," ಎಂದಳು.

ಸೋಮವಾರ ಕಾರ್ಖಾನೆಯಿಂದ ನೇರ ಅಂಗಡಿಗೆ ಹೋದೆ. ಗಿಟಾರನ್ನು ಹೆಗಲಿಗೆ ಹಾಕಿಕೊಂಡೇ ಹೋಗಿದ್ದೆ, ಯಾಕೆಂದರೆ ಮನಸ್ಸು ಇನ್ನೂ ಹೊಯ್ದಾಡುತ್ತಿತ್ತು. ಕೊಂಡುಬಿಡಬೇಕು, ಬೇರೆ ಪಾರ್ಟಿ ಸೇರಿ ಅವನ ಕಣ್ಣೆದುರೇ ನುಡಿಸಿ ಹೊಟ್ಟೆ ಉರಿಸಬೇಕು ಎಂದು ಒಮ್ಮೆ. ಅವನು ತೋರಿಸಿದ್ದನ್ನು ಕೈಯಿಂದ ಮುಟ್ಟಲೂಬಾರದು ಎಂದು ಇನ್ನೊಮ್ಮೆ. ಅಂಗಡಿಯವರು ಮತ್ತೆ ಜೋಡಿಸಿ ಕೊಟ್ಟರು. ಏಳನೇ ತಂತಿ ಮೀಟಿದೆ. ಅದೇ ದನಿ, ಅಷ್ಟೇ ಚೆಂದ. ಆ ತಂತಿಯ ತಪ್ಪೇನೂ ಇರಲಿಲ್ಲ.

ಆಮೇಲೆ ವೈರು ಕಿತ್ತು ನನ್ನ ಹಳೆಯದಕ್ಕೆ ಚುಚ್ಚಿದೆ. ಆರು ತಂತಿಗಳನ್ನೂ ಒಂದೊಂದಾಗಿ ಮೀಟಿದೆ. ಕಪಾಟಿನ ಗಾಜು ಅದಕ್ಕೂ ಅಲುಗಿತು. ನನ್ನ ಆರು ತಂತಿಗಳನ್ನೇ ಇನ್ನೂ ಯಾರೂ ಸರಿಯಾಗಿ ಕೇಳಿಲ್ಲ, ನಾನೂ ಕೇಳಿಲ್ಲ. ಕೇಳದವನ ಮಾತು ಕಟ್ಟಿಕೊಂಡು ಇದನ್ನು ಮಾರಲು ಬಂದಿದ್ದೆನಲ್ಲ! ಸಿಟ್ಟು ಮತ್ತೆ ನೆತ್ತಿಗೇರಿತು.

"ಈ ಆಂಪ್ಲಿಫಯರ್ ಕೊಡತೀರೇನ್ರಿ?" ಎಂದೆ, ನೆಲದ ಮೇಲಿದ್ದ ಡಬ್ಬಿ ತೋರಿಸಿ.

ಅಂಗಡಿಯವರು ಕನ್ನಡಕ ಸರಿ ಮಾಡಿಕೊಂಡರು. "ಇದ ಹಳೇದೈತ್ರಿ. ಅಂಥಾ ಗಿಟಾರ ಬಿಟ್ಟ ಈ ಡಬ್ಬಿ ಒಯ್ಯತೀರೇನು?"

"ಹೌದ್ರಿ. ಇದರ ಗುಂಡಿ ನನ್ನ ಕೈಯಾಗ ಇರತೈತಿ."

ಮನೆಗೆ ಬಂದಾಗ ಅಪ್ಪ ಪಾಳಿಗೆ ಹೊರಡುತ್ತಿದ್ದ. ಡಬ್ಬಿ ನೋಡಿ, "ಇನ್ನ ನನ್ನ ನಿದ್ದಿ ಸತ್ಯಾನಾಶ ಆತು," ಎಂದು ಗೊಣಗಿದ, ಆದರೆ ಹೊರಡದೆ ಹೊಸ್ತಿಲ ಮೇಲೆ ಕೂತ. ಅವ್ವ ಅಕ್ಕಿ ಆರಿಸುತ್ತಿದ್ದಳು. ನಾನು ಖಾನಾಪುರದ ಆ ತುಣುಕನ್ನೇ ನುಡಿಸಿದೆ.

"ನಿಂದರ," ಎಂದಳು ಅವ್ವ. "ನಡುವ ತಪ್ಪಿದಿ."

"ನಿನಗೇನ ತಿಳೀತೈತಿ ಬೇ ಗಿಟಾರಿಂದು?"

"ಕ್ಯಾಸೆಟ್ನ್ಯಾಗ ಹಂಗಿಲ್ಲ. ನಿನ್ನೆನೂ ಅಲ್ಲೇ ತಪ್ಪಿದ್ದಿ."

ರೇಗಿತು. ಕ್ಯಾಸೆಟ್ ಹಾಕಿದೆ. ಅವಳು ಹೇಳಿದ್ದು ಖರೆ. ಸಿಟ್ಟಿನ ಭರಕ್ಕಲ್ಲ, ಮೂರು ವರ್ಷದಿಂದ ನಾನು ಆ ಜಾಗದಲ್ಲಿ ಒಂದು ಸ್ವರ ತಪ್ಪಾಗಿಯೇ ಒತ್ತುತ್ತ ಬಂದಿದ್ದೆ. ಸುಮಿತನ ಕೀಬೋರ್ಡು ಅದರ ಮೇಲೆ ಸರಿಯಾದದ್ದನ್ನು ಒತ್ತಿ ಮುಚ್ಚುತ್ತಿತ್ತು. ಊರೂರು ತಿರುಗಿದೆ, ತಪ್ಪು ಎಂದು ಒಬ್ಬರೂ ಹೇಳಲಿಲ್ಲ. ಹೇಳಲು ಅವರಿಗೆ ಕೇಳಿಸಿರಬೇಕಲ್ಲ. ಸಿಟ್ಟಿನ ಜೊತೆಗೇ ಅಳುವೂ ಬಂತು, ತಡೆಯಲಾಗಲಿಲ್ಲ. ಅಪ್ಪ ಗಾಬರಿಯಾಗಿ ಅವ್ವನ ಮುಖ ನೋಡಿದ.

"ತಪ್ಪಿದ್ದಕ್ಕ ಯಾಕ ಅಳತಿ?" ಎಂದಳು ಅವ್ವ. "ಮತ್ತೊಮ್ಮೆ ಬಾರಸ."

ಕಣ್ಣೊರೆಸಿಕೊಂಡು, ಡಬ್ಬಿಯ ಗುಂಡಿಯನ್ನು ಇನ್ನಷ್ಟು ಮೇಲಕ್ಕೆ ತಿರುಗಿಸಿದೆ. "ಎಲ್ಲೆ ತಪ್ಪತೇನಿ, ಸರಿಯಾಗಿ ಕೇಳಿ ಹೇಳ," ಎಂದೆ.