ದಾಳಿಂಬೆಯ ಬುಡ

ಮುನಿಗಳು ನಮ್ಮೂರು ಚಿಮ್ಮಡಕ್ಕೆ ಬರುತ್ತಾರೆಂಬ ಸುದ್ದಿ ಬಂದ ದಿನದಿಂದ ನಾನು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ನನ್ನ ಅತ್ತೆ ಬಾಳವ್ವ ಅದನ್ನು ಭಕ್ತಿ ಅಂದುಕೊಂಡರು. ಭಕ್ತಿಯಲ್ಲ, ಹೆದರಿಕೆ.

ಕಾರಣ ಹಿತ್ತಲಿನ ದಾಳಿಂಬೆ ಗಿಡ. ತೀರಿಹೋದ ಮಾವನವರು ಜಮಖಂಡಿಯಿಂದ ತಂದು ನೆಟ್ಟದ್ದು. ನಾನು ಸೊಸೆಯಾಗಿ ಬಂದಾಗಿನಿಂದ ಹೂ ಬಿಡುವುದು, ಉದುರಿಸುವುದು, ಇಷ್ಟೇ ಅದರ ಕೆಲಸ. ಅತ್ತೆ ದಿನಾ ಅದರ ಮುಂದೆ ನಿಂತು, "ಕೈಗುಣ ಬೇಕವಾ, ಕೈಗುಣ" ಅನ್ನುತ್ತಿದ್ದರು. ನೀರು ಹಾಕುವ ಕೈ ನನ್ನದು. ಕೇಳಿ ಕೇಳಿ ತಲೆ ಕೆಟ್ಟಿತ್ತು.

ಹೊಳೆಯ ಮೀನು ಹೊತ್ತು ಬನಹಟ್ಟಿ ಸಂತೆಗೆ ಹೋಗುವ ಕೆಂಪವ್ವ ನಮ್ಮ ಹಿತ್ತಲ ಬೇಲಿಯ ಪಕ್ಕದಲ್ಲೇ ತಿರುಗಿ ಬರುತ್ತಿದ್ದಳು. ಅವಳ ಬುಟ್ಟಿಯ ವಾಸನೆಗೆ ನಾನು ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದೆ. ಒಂದು ದಿನ ಅವಳೇ ಗಿಡ ನೋಡಿ ನಕ್ಕಳು.

"ಅಕ್ಕಾರ, ಈ ಗಿಡ ಉಪಾಸ ಐತ್ರಿ. ಮೀನಿನ ತಲಿ, ಕರಳು ಬುಡಕ್ಕ ಹೂಳ್ರಿ. ಅರಮನಿ ತೋಟಕ್ಕ ಬುಟ್ಟಿಗಟ್ಲೆ ಒಯ್ತಾರ."

ಅರಮನೆಯ ಮಾತು ಖರೆಯೋ ಸುಳ್ಳೋ, ಯಾರಿಗೆ ಗೊತ್ತು. ನಮ್ಮದು ಇರುವೆಗೂ ದಾರಿ ಬಿಟ್ಟು ನಡೆಯುವ ಜೈನರ ಮನೆ. ಆದರೂ ಮುಂದಿನ ಸಂತೆಯ ದಿನ ಬೇಲಿಯ ಸಂದಿಯಲ್ಲಿ ಕೈ ಚಾಚಿದವಳು ನಾನೇ. ಅತ್ತೆ ಬಸದಿಗೆ ಹೋದಾಗ ಗುಂಡಿ ತೋಡಿ, ಮೀನಿನ ತಲೆ, ಕರುಳು ಎಲ್ಲ ಹಾಕಿ, ಬೂದಿ ಚೆಲ್ಲಿ ಮುಚ್ಚಿದೆ. ಮೂರು ಸಲ ಮಿಂದರೂ ಕೈಯ ವಾಸನೆ ಹೋಗಲಿಲ್ಲ.

ಮರುವರ್ಷ ಗಿಡ ಕಾಯಿ ಹೊತ್ತು ಬಾಗಿತು. "ನಿನ್ನ ಕೈಗುಣ ಛಲೋ ಐತಿ ಬಿಡು" ಅಂದರು ಅತ್ತೆ. ಆ ಒಂದು ಮಾತಿನ ಆಸೆಗೆ ನಾನು ಗುಂಡಿ ತೋಡುವುದನ್ನು ನಿಲ್ಲಿಸಲೇ ಇಲ್ಲ.

ಈಗ ಅದೇ ಹಣ್ಣಿನ ರಸ ಮುನಿಗಳ ಬೊಗಸೆಗೆ ಬೀಳಬೇಕೆಂದು ಅತ್ತೆಯ ಹಟ. ಮುನಿಗಳು ದಿನಕ್ಕೊಮ್ಮೆ, ನಿಂತೇ ಉಣ್ಣುವವರು. ಅವರಿಗೆ ಉಣಬಡಿಸುವ ಮುಂಚೆ ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧಿ ಎಂದು ಬಾಯಿಬಿಟ್ಟು ಹೇಳಬೇಕು. ಹೇಳುವ ಮಾನ ಈ ಸಲ ಸೊಸೆಗೆ ಎಂದು ಅತ್ತೆ ಊರಿಗೆಲ್ಲ ಸಾರಿದ್ದರು. ಅಂಥ ಮಾನ ಶತ್ರುವಿಗೂ ಬೇಡ. ನಿಜ ಹೇಳಿದರೆ ಈ ಮನೆಯಲ್ಲಿ ನನಗೆ ಮುಖವಿಲ್ಲ. ಹೇಳದಿದ್ದರೆ ಮುನಿಗಳ ವ್ರತ ಕೆಡಿಸಿದ ಪಾಪ.

ಆ ಬೆಳಗ್ಗೆ ಅತ್ತೆ ಹಾಡು ಗುನುಗುತ್ತ ಹಣ್ಣು ಬಿಡಿಸಿ ರಸ ತೆಗೆದರು. ಒಂದೇ ಹಣ್ಣು ಉಳಿಯಿತು. ಮುನಿಗಳು ಓಣಿಗೆ ತಿರುಗಿದರು ಎಂದು ಹೊರಗಿನಿಂದ ಕೂಗು ಬಂತು. ರಸದ ತಂಬಿಗೆ ಕಟ್ಟೆಯ ಅಂಚಿನಲ್ಲಿತ್ತು. ಮೊಣಕೈಯಿಂದ ತಳ್ಳಿಬಿಟ್ಟೆ.

"ಏನ್ ಮಾಡಿದಿ ಬೇ!" ಅತ್ತೆ ಚೀರಿದರು.

ಬಯ್ಯಲಿಕ್ಕೂ ಹೊತ್ತಿರಲಿಲ್ಲ. ನನ್ನ ಗಂಡ ಆದಿನಾಥನ ಪಕ್ಕದಲ್ಲಿ ನಿಂತು ನಾಲ್ಕೂ ಶುದ್ಧಿ ಹೇಳಿದೆ. ದನಿ ನಡುಗಲಿಲ್ಲ. ಮುನಿಗಳು ಅನ್ನ, ಹಾಲು ಸ್ವೀಕರಿಸಿ, ಆಶೀರ್ವದಿಸಿ ಹೋದರು. ಗೆದ್ದೆ ಅಂದುಕೊಂಡೆ.

ಮಧ್ಯಾಹ್ನ ಅತ್ತೆ ಉಳಿದಿದ್ದ ಹಣ್ಣನ್ನು ಹಿಡಿದು ಬಂದು ನನ್ನ ಪಕ್ಕದಲ್ಲೇ ಕೂತರು. ಒಡೆದು, ದೊಡ್ಡ ಹೋಳನ್ನು ನನ್ನ ಕಡೆ ಚಾಚಿದರು.

"ಆತು ಬಿಡು, ಮನಸಿಗೆ ಹಚ್ಚಿಕೋಬ್ಯಾಡ. ಮುನಿಗಳಿಗೆ ಯೋಗ ಇರಲಿಲ್ಲ. ನಾವರ ತಿನ್ನೂಣು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕಾಳನ್ನು ಬಾಯಿಗೆ ಒಯ್ಯುವಾಗ ಕೈ ಹಿಡಿದು ಎಲ್ಲ ಹೇಳಿಬಿಟ್ಟೆ. ಕೆಂಪವ್ವ, ಬುಟ್ಟಿ, ಗುಂಡಿ, ಬೇಕೆಂದೇ ಚೆಲ್ಲಿದ ರಸ, ಎಲ್ಲ.

ಅತ್ತೆ ಹೋಳನ್ನು ಮೆಲ್ಲಗೆ ನೆಲದ ಮೇಲಿಟ್ಟರು. ಗಿಡದ ಕಡೆ ನೋಡಿದರು.

"ಎಷ್ಟು ವರ್ಷಾತು?"

"ಮೂರ್ರಿ."

"ಹ್ವಾದ ವರ್ಷ ನಾ ಜ್ವರ ಬಂದು ಮಲಗಿದ್ದೆ. ಬ್ಯಾರೆ ಏನೂ ಸೇರವಲ್ದಾಗಿತ್ತು. ನೀನ ಕಾಳು ಬಿಡಿಸಿ ಬಿಡಿಸಿ ಬಾಯಾಗ ಹಾಕಿದಿ."

ನಾನು ನೆಲದ ಮೇಲಿನ ಹೋಳನ್ನು ಸೆರಗಿನಿಂದ ಮುಚ್ಚಿದೆ.

"ಮುನಿಗಳ ಸಲುವಾಗಿ ತಂಬಿಗಿನ ಚೆಲ್ಲಿದಿ," ಅಂದರು ಅತ್ತೆ. ದನಿ ಏರಲಿಲ್ಲ. "ನನ್ನ ಸಲುವಾಗಿ ಒಂದು ಕಾಳರ ಚೆಲ್ಲಬೇಕು ಅನಸಲಿಲ್ಲೇನು, ಸುಮನಾ?"