ಅಯಸ್ಕಾಂತಕ್ಕೆ ಕೇಳಿಸದ ಸದ್ದು

ಮಾವುಸಿ ತಲೆಯ ಮೇಲಿನ ಬೇಸಿನ್ ಇಳಿಸಲಿಲ್ಲ. ಏನೋ ಸರಿಯಿಲ್ಲ ಅಂತ ಅಕೋರ್ಫಾಗೆ ಆಗಲೇ ಅನ್ನಿಸಿತು. ಇಷ್ಟು ವರ್ಷ ಅವಳ ಗಿರಣಿಗೆ ಬಂದವಳು ಮೊದಲು ನೆನೆದ ಜೋಳದ ಭಾರ ಇಳಿಸಿ, ಸೊಂಟ ಹಿಡಿದು ಉಸ್ಸೆಂದು, ಆಮೇಲೆ ಮಾತು ಶುರುಮಾಡುವವಳು.

"ಎಂಜಿನ್ ನಿಲ್ಸು, ಸೆಲಾಲಿ ಅಮ್ಮ. ಒಂದು ಬಟ್ಟಲು ನೀರು ತಾ."

ಅಕೋರ್ಫಾ ಎಂಜಿನ್ ನಿಲ್ಲಿಸಿದಳು. ಸರದಿಯಲ್ಲಿದ್ದ ಹೆಂಗಸರೂ ಮಾತು ನಿಲ್ಲಿಸಿದರು. ಮಾವುಸಿ ಒಂದು ಕೈಯಲ್ಲಿ ಬೇಸಿನ್ ಹಿಡಿದುಕೊಂಡೇ, ಸೊಂಟದ ಬಟ್ಟೆಯಿಂದ ಹಿಟ್ಟಿನ ಮುದ್ದೆಯೊಂದನ್ನು ತೆಗೆದು ನೀರಿಗೆ ಹಾಕಿ ಕದಡಿದಳು. ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಅಯಸ್ಕಾಂತವನ್ನು ಅದರೊಳಗೆ ಆಡಿಸಿ ಮೇಲೆತ್ತಿದಳು. ಪ್ಲಾಸ್ಟಿಕ್ಕಿನ ತುಂಬ ಕಬ್ಬಿಣದ ಪುಡಿ ಕಪ್ಪು ರೋಮದ ಹಾಗೆ ಎದ್ದು ನಿಂತಿತ್ತು.

"ನಿನ್ನೆ ನೀನು ರುಬ್ಬಿಕೊಟ್ಟ ಹಿಟ್ಟು ಇದು. ಕ್ಲಿನಿಕ್ ನರ್ಸಮ್ಮ ಸಂತೇಲಿ ಹಿಂಗೇ ಮಾಡಿ ತೋರ್ಸಿದ್ಲು. ನಾನು ನಂಬಿರ್ಲಿಲ್ಲ."

"ಸ್ವಲ್ಪ ಎಲ್ಲಾ ಗಿರಣೀಲೂ ಬರುತ್ತೆ ಕಣೇ."

"ಸ್ವಲ್ಪ? ಇದಕ್ಕೆ ಬಾಚಣಿಗೆ ಹಾಕಿ ಜಡೆ ಹೆಣೀಬಹುದು!"

ಹಿಂದಿನಿಂದ ಯಾರೋ, "ಬಸುರೀರಿಗೆ ಕ್ಲಿನಿಕ್ಕಲ್ಲಿ ಕಬ್ಬಿಣದ ಮಾತ್ರೆ ಕೊಡ್ತಾರೆ, ಇಲ್ಲಿ ಹಿಟ್ಟಲ್ಲೇ ಬೆರೆಸಿ ಕೊಡ್ತಾರೆ ನೋಡು" ಅಂದಳು. ಎಲ್ಲರೂ ನಕ್ಕರು. ಮಾವುಸಿ ನಗಲಿಲ್ಲ.

"ನಾನು ಮಾರೋ ಕೆಂಕಿ ಕಡುಬು ಕಚ್ಚಿದ್ರೆ ಹಲ್ಲಲ್ಲಿ ಕರಕರ ಅನ್ನುತ್ತಂತೆ. ನಿನ್ನ ಗಂಡನ ಪ್ಲೇಟು ಬಿಚ್ಚಿ ಅಂಗಡಿ ಪ್ಲೇಟು ಹಾಕು. ಇಲ್ದಿದ್ರೆ ನಾನು ಜಂಕ್ಷನ್ ಗಿರಣಿಗೆ ಹೋಗ್ತೀನಿ. ಕದ್ದು ಹೋಗೋಳಲ್ಲ ನಾನು, ಅದಕ್ಕೇ ಎದುರಿಗೆ ಹೇಳ್ದೆ."

ಅವಳು ಹೊರಟಳು. ಸರದಿಯಲ್ಲಿದ್ದವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬೇಸಿನ್‌ಗಳನ್ನು ತಲೆಗೇರಿಸಿಕೊಂಡರು.

ಅಕೋರ್ಫಾ ಗಿರಣಿಯ ಮುಚ್ಚಳ ಬಿಚ್ಚಿದಳು. ಎದುರುಬದುರಾಗಿ ಕೂತು ಜೋಳ ಅರೆಯುವ ಆ ಎರಡು ಪ್ಲೇಟುಗಳ ಹಲ್ಲು ಒಂದು ಮಳೆಗಾಲವಾದರೂ ಬಾಳಬೇಕಿತ್ತು. ಹಾಕಿ ಇನ್ನೂ ಕೆಲವೇ ವಾರಗಳಾಗಿದ್ದವು; ಆಗಲೇ ಸವೆದು, ಅಲ್ಲಲ್ಲಿ ಸಣ್ಣ ತೂತುಗಳು ಕಾಣುತ್ತಿದ್ದವು. ಬೆರಳಿನಿಂದ ಉಜ್ಜಿದರೆ ಬೆರಳು ಕಪ್ಪಾಗುತ್ತಿತ್ತು.

ಅವಳಿಗೆ ಆಶ್ಚರ್ಯವಾಗಲಿಲ್ಲ. ಅದೇ ಹೆಚ್ಚು ಸುಸ್ತು ತಂದಿತು.

ಸುತ್ತಲಿನ ಗಿರಣಿಗಳಿಗೆಲ್ಲ ಪ್ಲೇಟು ಎರಕ ಹೊಯ್ದು ಕೊಟ್ಟವನು ಅವಳ ಗಂಡ ಅಗ್ಬೆಕೊ. ಈಗ ಹೊಸಬರು ಅಂಗಡಿ ಪ್ಲೇಟಿಗೆ ತಿರುಗಿದ್ದರು. ಅವನ ಕುಲುಮೆ ಇನ್ನೂ ಉರಿಯುತ್ತಿದ್ದುದೇ ಅವಳ ಗಿರಣಿ ನೋಡಿ ಬರುವ ನಾಲ್ಕಾರು ಮಂದಿಯಿಂದ. ಹೆಂಡತಿಯೇ ಅವನ ಪ್ಲೇಟು ಕಿತ್ತು ಅಂಗಡಿಯದು ಹಾಕಿದಳೆಂದರೆ ಕುಲುಮೆ ಆರಿದ ಹಾಗೆಯೇ. ಕುಲುಮೆ ಆರಿದ ಮೇಲೆ ಅವನು ಹೊತ್ತು ಹೇಗೆ ಕಳೆದಾನು ಅನ್ನುವುದನ್ನು ಯೋಚಿಸಲು ಅವಳಿಗೆ ಧೈರ್ಯವಿರಲಿಲ್ಲ.

ಪ್ಲೇಟುಗಳನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಸೊಂಟಕ್ಕೆ ಆನಿಸಿಕೊಂಡು ಮನೆಯ ಹಿಂದಿನ ಅಂಗಳಕ್ಕೆ ನಡೆದಳು.

ಅಗ್ಬೆಕೊ ಗುಜರಿ ರಾಶಿಯ ಮುಂದೆ ನಿಂತು ಹಗ್ಗಕ್ಕೆ ಕಟ್ಟಿದ ಅಯಸ್ಕಾಂತವನ್ನು ಎಳೆಯುತ್ತಿದ್ದ. ಚರ್ಚಿನ ಕೆಟ್ಟ ಸ್ಪೀಕರಿನ ಹೊಟ್ಟೆಯಿಂದ ತೆಗೆದ ಕಪ್ಪು ಬಳೆ ಅದು. ಅದಕ್ಕೆ ಕಚ್ಚಿದ್ದು ಕುಲುಮೆಯ ಬುಟ್ಟಿಗೆ, ಕಚ್ಚದ್ದು ಆಚೆಗೆ. ಹಿಂದೆ ಹೀಗಿರಲಿಲ್ಲ. ಒಂದೊಂದು ತುಂಡನ್ನೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದ. ಮಂಕಾಗಿ ದಪ್ ಎಂದರೆ ಬೀಡು, ಪ್ಲೇಟಿಗೆ ಬೇಕಾದ ಕಬ್ಬಿಣ. ಠಣ್ಣೆಂದು ಉದ್ದಕ್ಕೆ ಹಾಡಿದರೆ ಸರಳು, ಪೈಪು, ಮಂಚದ ಕಾಲು. ಅವು ಎರಕದಲ್ಲಿ ಸೇರಿದರೆ ಪ್ಲೇಟು ಕೆಡುತ್ತದೆಂದು ಬೆಸುಗೆಯವರಿಗೆ ಕೊಟ್ಟುಬಿಡುತ್ತಿದ್ದ. ಒಂದು ದಿನ ಸುತ್ತಿಗೆ ಬಿಟ್ಟು ಅಯಸ್ಕಾಂತ ಹಿಡಿದ. ನೆರೆಯವರು, "ಅಗ್ಬೆಕೊ ಕಾಲಕ್ಕೆ ತಕ್ಕ ಹಾಗೆ ಬದಲಾದ" ಎಂದು ಹೊಗಳಿದರು. ಯಾಕೆ ಬದಲಾದ ಎನ್ನುವುದು ಅವಳೊಬ್ಬಳಿಗೆ ಗೊತ್ತಿತ್ತು. ಎದುರು ನಿಂತು ಜೋರಾಗಿ ಹೇಳಿದ ಮಾತು ಅವನಿಗೆ ಇನ್ನೂ ದಕ್ಕುತ್ತಿತ್ತು. ಉಳಿದ ಸದ್ದುಗಳೆಲ್ಲ ಒಂದೊಂದಾಗಿ ಅವನನ್ನು ಬಿಟ್ಟುಹೋಗಿದ್ದವು.

ಅಂದಿನಿಂದ ಸಂತೆಯಲ್ಲಿ, ಚರ್ಚಿನಲ್ಲಿ, ಸಾವಿನ ಮನೆಯಲ್ಲಿ ಅವನ ಪರವಾಗಿ ಉತ್ತರ ಕೊಡುತ್ತಾ ಬಂದಿದ್ದಳು. ಜನ ಅವಳನ್ನು ಬಾಯಿಬಡುಕಿ ಅಂದುಕೊಂಡರು. ಅನ್ನಲಿ ಎಂದು ಬಿಟ್ಟಳು. ಆದರೆ ನೆರವು ಬೇಡದವನಿಗೆ ಕಿವಿಯಾಗಿರುವುದು ಎಂಥ ಒಂಟಿ ಕೆಲಸ ಎನ್ನುವುದನ್ನು ಯಾರಿಗೆ ಹೇಳುವುದು?

ಪ್ಲೇಟುಗಳನ್ನು ಅವನ ಕಾಲ ಬಳಿ ಇಟ್ಟಳು. "ಸೆಲಾಲಿ ಅಪ್ಪ, ನೋಡು. ಮಾವುಸಿ ಬಿಟ್ಟು ಹೋದ್ಲು."

ಅವನು ಬಗ್ಗಿ ಮುಟ್ಟಿದ. "ಯಾವುದೋ ಒಂದು ಎರಕ ಕೆಟ್ಟಿರುತ್ತೆ. ಇದು ಸುಳ್ಳು ಹೇಳಲ್ಲ." ಅಯಸ್ಕಾಂತವನ್ನು ತೂಗಿದ. "ಕಬ್ಬಿಣದೊಳಗೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಅಯಸ್ಕಾಂತಗಳು ಗುಂಪು ಕಟ್ಕೊಂಡಿರ್ತವೆ. ಒಂದೊಂದು ಗುಂಪಿನ ಮುಖ ಒಂದೊಂದು ಕಡೆ. ಇದು ಹತ್ರ ಹೋದ್ರೆ ಎಲ್ಲಾ ಇದರ ಕಡೆಗೇ ತಿರುಗ್ತವೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಒಳಗೆ ಅಂಥ ಗುಂಪೇ ಇಲ್ಲ. ತಿರುಗೋಕೆ ಯಾರಿದಾರೆ?"

ಇದನ್ನು ಅವನು ಮದುವೆಗೆ ಮೊದಲೇ ಅವಳಿಗೆ ಹೇಳಿದ್ದ, ಅವಳ ಅಪ್ಪನ ಹಳೆಯ ಪಾತ್ರೆಗಳನ್ನು ಕೊಳ್ಳಲು ಬಂದಾಗ. ಅಂದು ಮನೆಯ ಎಲ್ಲ ಚಮಚಗಳಿಗೂ ಒಂದು ಅಯಸ್ಕಾಂತ ಹಿಡಿದು ತೋರಿಸಿ, ಕಬ್ಬಿಣವಿದ್ದರೂ ಹಿಡಿಯದ ಸ್ಟೀಲ್ ಚಮಚವೊಂದನ್ನು ಎತ್ತಿ, "ಇದಕ್ಕೆ ಜಂಬ" ಅಂದಿದ್ದ. ಅವಳು ನಕ್ಕಿದ್ದಳು.

"ಕಬ್ಬಿಣ ಹೌದು. ಯಾವ ಕಬ್ಬಿಣ?" ಎಂದಳು.

ಅವನು ಕೇಳಿಸದವನಂತೆ ಹಗ್ಗ ಸುತ್ತತೊಡಗಿದ. ಅವಳಿಗೆ ಗೊತ್ತಿತ್ತು, ಇದು ಕೇಳಿಸಿದೆ.

ಗೋಡೆಗೆ ಒರಗಿದ್ದ ಸುತ್ತಿಗೆ ತೆಗೆದುಕೊಂಡಳು. ಬುಟ್ಟಿಯಿಂದ ಒಂದು ತುಂಡು ಎತ್ತಿ ಕಲ್ಲಿನ ಮೇಲಿಟ್ಟು ತಟ್ಟಿದಳು. ಅದು ಠಣ್ಣೆಂದು ಹಾಡಿತು. ಕೋಳಿಗಳು ಬೆದರಿ ಓಡಿದವು. ಅಗ್ಬೆಕೊ ತುಂಡನ್ನು ನೋಡಲಿಲ್ಲ, ಅವಳ ಮುಖ ನೋಡುತ್ತಿದ್ದ.

"ಏನಂತು?" ಎಂದಳು.

ಅವನು ಹಗ್ಗ ಕೆಳಗಿಟ್ಟ.

"ನೀನೇ ಹೇಳು."

"ಸರಳು. ಮಂಚದ್ದು."

ಅವನು ಮಗುಚಿಟ್ಟ ಡಬ್ಬದ ಮೇಲೆ ಕೂತ. "ಯಾವಾಗಿಂದ ಗೊತ್ತು ನಿಂಗೆ?"

"ಹುಂಜ ಕೂಗಿದ್ರೂ ನೀನು ಏಳೋದು ಬಿಟ್ಟಾಗಿಂದ."

"ಮತ್ತೆ ಹೇಳ್ಲಿಲ್ಲ."

"ನೀನು ಹೇಳಿದ್ಯಾ?"

ಜಗಳವಾಡಲೂ ಅವಳಿಗೆ ತ್ರಾಣವಿರಲಿಲ್ಲ. ಸ್ಟೂಲು ಎಳೆದುಕೊಂಡು ರಾಶಿಯ ಪಕ್ಕ ಕೂತಳು. "ಹೊಸ ಪ್ಲೇಟು ಬರೋವರೆಗೂ ಗಿರಣಿ ಮುಚ್ಚಿರ್ತೀನಿ. ಅಂಗಡೀದು ಹಾಕಲ್ಲ. ಕೊಡು ಇತ್ತ."

ಅವನು ಅಯಸ್ಕಾಂತಕ್ಕೆ ಕಚ್ಚಿದ್ದನ್ನು ಕೊಡುತ್ತ ಹೋದ, ಅವಳು ತಟ್ಟುತ್ತ ಹೋದಳು. ದಪ್ ಎಂದರೆ ಎಡಕ್ಕೆ, ಠಣ್ ಎಂದರೆ ಬಲಕ್ಕೆ. ಒಂದು ತುಂಡನ್ನು ಅವಳು ಎಡಕ್ಕೆ ಹಾಕಿದಾಗ ಅವನು ಎತ್ತಿ ದೊಡ್ಡ ಸುತ್ತಿಗೆಯಿಂದ ಹೊಡೆದ. ಬೀಡಾಗಿದ್ದರೆ ಒಡೆಯಬೇಕಿತ್ತು; ಅದು ಬಾಗಿತು.

"ಕಿವುಡಿ" ಎಂದ.

ಅವಳಿಗೆ ನಗು ಬಂತು. ಸೊಂಟ ನೋಯುತ್ತಿದ್ದುದರಿಂದ ಪೂರ್ತಿ ನಗಲಾಗಲಿಲ್ಲ.

ಹೊಸ ಪ್ಲೇಟು ಹಾಕಿದ ದಿನ ಮೊದಲು ರುಬ್ಬಿದ್ದನ್ನು ಯಾರೂ ತಿನ್ನುವುದಿಲ್ಲ. ಅದು ಗಿರಣಿಯವಳದೇ ಜೋಳ, ಕೋಳಿಗಳ ಪಾಲು. ಎಂಜಿನ್ ಸದ್ದು ಕೇಳಿ ಮಾವುಸಿ ಬಂದಳು, ಬೇಸಿನ್ ಇಲ್ಲದೆ, ಅಯಸ್ಕಾಂತ ಹಿಡಿದು. ಮೊದಲನೆಯದನ್ನು ಕೋಳಿಗೆ ಚೆಲ್ಲಿ ಅಕೋರ್ಫಾ ಎರಡನೆಯ ಸಲ ರುಬ್ಬಿದ ಹಿಟ್ಟನ್ನು ಅವಳು ನೀರಿನಲ್ಲಿ ಕದಡಿದಳು. ಪ್ಲಾಸ್ಟಿಕ್ಕನ್ನು ಬೆಳಕಿಗೆ ಹಿಡಿದು ನೋಡಿದಳು. ತೆಳ್ಳಗೆ, ಹುಬ್ಬಿಗೆ ಕಾಡಿಗೆ ಎಳೆದಷ್ಟು ಕಪ್ಪು.

"ಇನ್ನೊಂದು ಸಲ ಕೋಳಿಗೆ ಹಾಕು," ಎಂದಳು. ಆಮೇಲೆ ಮೆತ್ತಗೆ, "ಜಂಕ್ಷನ್ನು ಬಹಳ ದೂರ ಕಣೇ, ಕುತ್ತಿಗೆ ಬಿದ್ದುಹೋಯ್ತು. ಇವತ್ತೇ ಜೋಳ ನೆನೆಹಾಕ್ತೀನಿ."

ಅಕೋರ್ಫಾ ತಲೆಯಾಡಿಸಿದಳು. ಬಾಗಿಲಲ್ಲಿ ಒಂದು ಗಳಿಗೆ ಕೂತುಕೊಳ್ಳೋಣ ಅಂದುಕೊಂಡಳು. ಅಷ್ಟರಲ್ಲಿ ಹಿಂದಿನ ಅಂಗಳದಿಂದ ಅಗ್ಬೆಕೊನ ಕರೆ ಬಂತು. ಗುಜರಿ ಗಾಡಿ ಬಂದಿರಬೇಕು.

"ಸೆಲಾಲಿ ಅಮ್ಮಾ! ಸುತ್ತಿಗೆ ತಗೊಂಡು ಬಾ!"

ಇಡೀ ಬೀದಿ ತಿರುಗಿ ನೋಡಿತು. ಅವನು ತನಗೇ ಕೇಳಿಸುವಷ್ಟು ಜೋರಾಗಿ ಕೂಗುತ್ತಿದ್ದ.