ಬದಲಿಸದ ಲೋಟ

"ಸುಳ್ಳು ಹೇಳ್ಬೇಡ. ದಿನಕ್ಕೆ ಎಷ್ಟು ಕುಡೀತೀಯ?"

ಕಾರ್ಖಾನೆಯ ಡಾಕ್ಟರ್ ಬೇಸಿನ್ನಿನ ಕಡೆ ತಿರುಗಿಕೊಂಡೇ ಕೇಳಿದ. ಅವಳ ಪಕ್ಕೆಲುಬಿನ ಕೆಳಗೆ ಊದಿದ್ದ ಲಿವರನ್ನು ಒತ್ತಿ ನೋಡಿದ ಬೆರಳುಗಳಿಗೆ ಮತ್ತೆ ಮತ್ತೆ ಸೋಪು ಹಚ್ಚುತ್ತಿದ್ದ.

"ಏನು ಕುಡಿಯೋದು ಸಾರ್?"

"ನಾಟಕ ಬೇಡ. ಲಿವರ್ ತುಂಬಾ ಕೊಬ್ಬು. ನಿಮ್ಮಲ್ಲಿ ಹೆಂಗಸರೂ ಕುಡೀತಾರೆ, ಗೊತ್ತು ನಂಗೆ."

ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಕಿಸಕ್ಕನೆ ನಕ್ಕ. "ಕುಡಿದು ಕೆಟ್ಟೋಳನ್ನ ಕಂಪನಿ ಇಟ್ಕೊಳ್ಳಲ್ಲ. ಮಗಳು ಕೈಗೆ ಬಂದಿದ್ದಾಳಲ್ಲ? ನಾಳೆ ಅವಳನ್ನ ತೊಟ್ಟಿಗೆ ಕರ್ಕೊಂಡು ಬಾ. ಕಂಪನಿಗೂ ಕರುಳಿದೆ ಕಣೇ."

ಮಳೆಯಂಗಿಯ ಬಟ್ಟೆಯನ್ನು ನೀರು ಅಂಟದ ಮದ್ದಿನಲ್ಲಿ ಅದ್ದಿ ತೆಗೆಯುವ ತೊಟ್ಟಿ ಅದು. ಪಾಳಿ ಮುಗಿದ ಮೇಲೆ ಅದರೊಳಗಿಳಿದು, ತಳದ ಗಸಿಯನ್ನು ಬಳಿಯುವುದು ಅವಳ ಕೆಲಸ. ಹಳಸಿದ ಗಂಜಿಯಂಥ ಬಿಳಿ ಗಸಿ. ಕೈಗವಸು ಹಾಕಿದರೆ ಜಾರುತ್ತದೆಂದು ಮೇಸ್ತ್ರಿ ಬರಿಗೈಯಲ್ಲೇ ಬಳಿಸುತ್ತಿದ್ದ. ಆಮೇಲೆ ಕೈಗೆ ನೀರು ಹೊಯ್ದರೆ ಚರ್ಮ ನೆನೆಯುತ್ತಲೇ ಇರಲಿಲ್ಲ. ನೀರು ಮಣಿಮಣಿಯಾಗಿ ಉರುಳಿ ಹೋಗುತ್ತಿತ್ತು. "ನೋಡ್ರೇ, ನೀರಿಗೂ ನಮ್ಮನ್ನ ಮುಟ್ಟೋಕೆ ಅಸಹ್ಯ" ಎಂದು ಹೆಂಗಸರು ನಗುತ್ತಿದ್ದರು.

ಅವಳು ಮನೆಗೆ ಬಂದಾಗ ಹೊಸ್ತಿಲ ಮೇಲೆ ರಕ್ತದ ಹುಡುಗಿ ಕೂತಿದ್ದಳು. ಕಾರ್ಖಾನೆಯವರಿಗೆ ತಿಳಿಯದಂತೆ ಓಣಿಯವರ ರಕ್ತವನ್ನು ಪರೀಕ್ಷೆಗೆಂದು ತನ್ನ ಪ್ರಯೋಗಾಲಯಕ್ಕೆ ಒಯ್ದಿದ್ದವಳು. ಹಾಗಾಗಿ ಆ ಹೆಸರು. ಒಳಗೆ ಮಗಳು ಪಾತ್ರೆ ಉಜ್ಜುತ್ತಿದ್ದಳು. ಡಾಕ್ಟರ್ ಹೇಳಿದ್ದನ್ನು ಕೇಳಿ ಹುಡುಗಿ ತಲೆ ಅಲ್ಲಾಡಿಸಿದಳು.

"ನೀವು ಕುಡಿದು ಕೆಟ್ಟಿದ್ದಲ್ಲಮ್ಮ, ಇದು ತೊಟ್ಟಿ ಮದ್ದಿನ ಕೆಲಸ. ಲಿವರ್‌ನ ಜೀವಕೋಶದೊಳಗೆ ಬೀಗದ ಥರ ಒಂದಿರುತ್ತೆ, ಗ್ರಾಹಕ ಅಂತೀವಿ. ಊಟದ ಕೊಬ್ಬು ಬಂದು ಆ ಬೀಗ ತಿರುಗಿಸಿದ್ರೆ, ಇಷ್ಟು ಉರಿಸು, ಇಷ್ಟು ಕೂಡಿಡು ಅಂತ ಲಿವರ್‌ಗೆ ಗೊತ್ತಾಗುತ್ತೆ. ಈ ಮದ್ದು ಕೊಬ್ಬಿನ ವೇಷ ಹಾಕ್ಕೊಂಡ ಕಳ್ಳ. ಹೋಗಿ ಬೀಗ ತಿರುಗಿಸುತ್ತೆ, ಲಿವರ್ ದಿಕ್ಕು ತಪ್ಪುತ್ತೆ. ಮನುಷ್ಯರ ಲಿವರ್ ಕೋಶಗಳನ್ನ ಬಟ್ಟಲಲ್ಲಿ ಸಾಕಿ, ಮದ್ದು ಹಾಕಿ ನೋಡಿದೀವಿ."

"ಪುಣ್ಯ ಮಾಡಿದ ಕೋಶಗಳು. ಕೂತಲ್ಲೇ ಸಾಕ್ತಾರೆ." ಅವಳು ಕಾಲು ಚಾಚಿ ಕೂತಳು. "ಹೋಗ್ಲಿ, ಕೆಲಸ ಬಿಟ್ರೆ ಮೈಯಿಂದ ಹೋಗುತ್ತಲ್ಲ?"

"ಅದು ಕರಗೋ ವಸ್ತು ಅಲ್ಲಮ್ಮ. ವರ್ಷಗಟ್ಟಲೆ ಇರುತ್ತೆ." ಹುಡುಗಿ ಉಗುರು ಕೆರೆಯುತ್ತಾ ತಡೆದಳು. "ಹೆಂಗಸರಿಗೆ ಹೊರಗೆ ಹೋಗೋ ಒಂದು ದಾರಿ ಇದೆ. ಎದೆಹಾಲು."

ಪಾತ್ರೆಯ ಸದ್ದು ನಿಂತಿತು.

ಹಲ್ಲು ಬಂದ ಮೇಲೂ ಹಾಲು ಬಿಡದ ಮಗು ಈ ಮಗಳು. ಆಗ ಅವಳು ಕೆಲಸದ ನಡುವೆ ಓಡಿಬಂದು, ಕೈಯನ್ನು ಬಟ್ಟೆಗೆ ಒರೆಸಿಕೊಂಡು, ನೆತ್ತಿ ಸವರುತ್ತಾ ಕುಡಿಸುತ್ತಿದ್ದಳು. "ಬೆಕ್ಕಿನ ಮರಿ, ಮೆಲ್ಲಗೆ ಕುಡಿಯೇ" ಎನ್ನುತ್ತಿದ್ದಳು. ಅವಳ ಮೈ ತನ್ನೊಳಗಿನ ಗಸಿಯನ್ನು ಆ ಪುಟ್ಟ ಬಾಯಿಗೆ ಬಳಿದು ಹಾಕುತ್ತಿತ್ತು. ಈಗ ಅವಳು ಬಚ್ಚಲಿಗೆ ಓಡಿ ಕಾರಿಕೊಂಡಳು. ಬರೀ ಹಳದಿ ನೀರು ಬಂತು.

ಮಗಳು ಬೆನ್ನು ನೀವಿದಳು. "ಅಮ್ಮಾ, ನಾನು ಹೋಗ್ತೀನಿ ಬಿಡು. ಹೇಗೂ ಮೈಯಲ್ಲಿದೆಯಲ್ಲ."

"ಥೂ, ಬಾಯ್ಮುಚ್ಚು! ನಾಳೆ ಸುಮ್ನೆ ನನ್ನ ಜೊತೆ ಬಾ, ತೊಟ್ಟಿಗಿಳಿಯೋಕಲ್ಲ."

ಮರುದಿನ ಬಟ್ಟೆ ಕೊಳ್ಳುವ ದೊಡ್ಡವರು ಬಂದಿದ್ದರು. ಅಂಥ ದಿನ ತೊಟ್ಟಿಯವಳಿಗೆ ಇನ್ನೊಂದು ಕೆಲಸವಿತ್ತು. ತೊಟ್ಟಿಯಿಂದ ಆಗಷ್ಟೇ ತೆಗೆದ ಬಟ್ಟೆಯ ಮೇಲೆ ಮ್ಯಾನೇಜರ್ ನೀರು ಸುರಿಯುತ್ತಿದ್ದ. ಮಣಿಗಳು ಜಾರಿ ಲೋಟಕ್ಕೆ ಬೀಳುತ್ತಿದ್ದವು. ಲೋಟದ ಅಂಚು ಒರೆಸುವ ನೆಪದಲ್ಲಿ ಅವಳು ಪರದೆಯ ಹಿಂದೆ ಹೋಗಿ, ಅದನ್ನಿಟ್ಟು, ಬಾಟಲಿ ನೀರಿನ ಲೋಟ ತರುತ್ತಿದ್ದಳು. ಮದ್ದಿನಿಂದ ಅಪಾಯವಿಲ್ಲವೆಂದು ತೋರಿಸಲು ಮ್ಯಾನೇಜರ್ ಅದನ್ನು ಎಲ್ಲರೆದುರು ಗಟಗಟನೆ ಕುಡಿಯುತ್ತಿದ್ದ. ಚಪ್ಪಾಳೆ ಬೀಳುತ್ತಿತ್ತು.

ಇವತ್ತೂ ಮಣಿಗಳು ಉರುಳಿದವು. ಮಗಳು ಹೊಸ ಏಪ್ರನ್ ಕಟ್ಟಿಕೊಂಡು ಮೇಸ್ತ್ರಿಯ ಪಕ್ಕ ನಿಂತಿದ್ದಳು.

"ನೋಡಿ, ತಾಯಿ ಹಾಲಿನಷ್ಟು ಶುದ್ಧ!" ಎಂದ ಮ್ಯಾನೇಜರ್.

ಅವಳು ಲೋಟ ಎತ್ತಿಕೊಂಡು ನೇರ ಅವನ ಮುಂದೆ ಹಿಡಿದಳು. ಅವನು ಕಣ್ಣಲ್ಲೇ ಪರದೆ ತೋರಿಸಿದ. "ಒರೆಸ್ಕೊಂಡು ಬಾ."

"ಒರೆಸೋದೇನಿದೆ ಸಾಹೇಬ್ರೇ? ತಾಯಿ ಹಾಲು ಅಂದ್ರಲ್ಲ. ಕುಡೀರಿ."

ಮೇಸ್ತ್ರಿ ಧಾವಿಸಿ ಬಂದ. "ಏ ಬೋಳಿ! ಸಾರ್, ಕುಡಿದು ಬಂದಿದ್ದಾಳೆ ಇವಳು!"

"ಹೌದು ಕಣೋ ಸೂಳೆಮಗನೇ, ಕುಡಿದಿದ್ದೀನಿ. ಇದನ್ನೇ ಕುಡಿದಿದ್ದೀನಿ. ನನ್ನ ಮಗೂಗೂ ಕುಡಿಸಿದ್ದೀನಿ. ಇವತ್ತು ಸಾಹೇಬ್ರು ಕುಡೀಲಿ."

ಬಂದವರೆಲ್ಲ ಲೋಟವನ್ನೇ ನೋಡುತ್ತಿದ್ದರು. ಮ್ಯಾನೇಜರ್ ನಗುತ್ತಲೇ ಅದನ್ನು ತೆಗೆದುಕೊಂಡು ತುಟಿಯ ಹತ್ತಿರ ತಂದ. ತುಟಿ ತೆರೆಯಲಿಲ್ಲ. ಹಿಂದೆ ಮಗಳು ಏಪ್ರನ್ನಿನ ಗಂಟು ಬಿಚ್ಚುತ್ತಿದ್ದಳು.

ಲೋಟದ ಹೊರಮೈಯಿಂದ ಒಂದು ಮಣಿ ಜಾರಿ ಅವನ ಬೆರಳಿಗಿಳಿಯಿತು. ಕೆಂಡ ತಾಗಿದವನಂತೆ ಅವನು ಕೈ ಒದರಿದ.